ಟೈಪ್ ಒಂದು, ಟೈಪ್ ಎರಡು: ಇದು ಏಣಿಯ ಮೆಟ್ಟಿಲಲ್ಲ

ತಿಪಟೂರಿನ ಕಡೆಯಿಂದ ಒಬ್ಬ ತಾತ ಕಾಗದ ಬರೆದಿದ್ದಾರೆ. ಮೂರು ಪುಟ, ಮುತ್ತು ಪೋಣಿಸಿದಂಥ ಹಳೇ ಕಾಲದ ಮೇಷ್ಟರ ಅಕ್ಷರ. ಅವರ ಮೊಮ್ಮಗಳಿಗೆ 11 ವರ್ಷ. ಕೆಲವು ತಿಂಗಳಿಂದ ತಲೆಯ ಹಿಂಭಾಗ ನೋಯುತ್ತದೆ ಎನ್ನುತ್ತಿದ್ದಳಂತೆ. ಕೆಮ್ಮಿದರೆ ನೋವು, ಬಿದ್ದು ಬಿದ್ದು ನಕ್ಕರೆ ನೋವು. ಶಾಲೆ ತಪ್ಪಿಸುವ ನೆಪ ಎಂದು ಮನೆಯವರು ಮೊದಮೊದಲು ಗದರಿದರು. ಕೊನೆಗೆ ಎಂಆರ್‌ಐ ಆಯಿತು, ವರದಿಯಲ್ಲಿ 'ಕಿಯಾರಿ ಮಾಲ್‌ಫಾರ್ಮೇಶನ್, ಟೈಪ್ 1' ಎಂದು ಬಂತು. ತಾತ ಕೇಳುತ್ತಾರೆ: "ಡಾಕ್ಟರಮ್ಮ, ಮೆದುಳು ಕೆಳಕ್ಕೆ ಜಾರಿದೆಯಂತೆ. ಈಗ ಒಂದು ಅಂದಿದ್ದಾರೆ. ಎರಡು, ಮೂರು, ನಾಲ್ಕು ಆಗೋದಕ್ಕೆ ಎಷ್ಟು ವರ್ಷ ಹಿಡಿಯುತ್ತೆ? ನಾಲ್ಕಾದ ಮೇಲೆ ಏನು?" ಕಾಗದದ ತುದಿಯಲ್ಲಿ ಬೇರೆ ಶಾಯಿಯಲ್ಲಿ, ದುಂಡು ಅಕ್ಷರದಲ್ಲಿ ಇನ್ನೆರಡು ಸಾಲು: "ಅಜ್ಜಿ, ನನ್ನನ್ನ ಜೋರಾಗಿ ನಗಬೇಡ ಅಂತಾರೆ. ಕುಂಟೆಬಿಲ್ಲೆನೂ ಆಡಬೇಡ ಅಂತಾರೆ."

ತಾತನ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ರಾತ್ರಿ ನಿದ್ದೆಯಾದರೂ ಬರಲಿ. ಟೈಪ್ 1 ಬೆಳೆದು ಟೈಪ್ 2 ಆಗುವುದಿಲ್ಲ. ಒಂದನೇ ಕ್ಲಾಸು ಪಾಸಾಗಿ ಎರಡನೇ ಕ್ಲಾಸಿಗೆ ಹೋಗುವ ಲೆಕ್ಕ ಇದಲ್ಲ. ಕ್ಯಾನ್ಸರಿನಲ್ಲಿ ಒಂದನೇ ಹಂತ, ಎರಡನೇ ಹಂತ ಎನ್ನುವುದನ್ನು ಕೇಳಿ ಕೇಳಿ, ಯಾವ ವರದಿಯಲ್ಲಿ ಅಂಕಿ ಕಂಡರೂ ಅದು ಏರುತ್ತಲೇ ಹೋಗುತ್ತದೆ ಎಂದು ನಾವು ಭಯಪಡುತ್ತೇವೆ. ಇಲ್ಲಿನ ಅಂಕಿಗಳು ಒಂದು ಬೀದಿಯ ಮನೆ ನಂಬರುಗಳ ಹಾಗೆ. ಒಂದನೇ ನಂಬರಿನ ಮನೆ ಎಷ್ಟು ವರ್ಷ ನಿಂತರೂ ಎರಡನೇ ನಂಬರಿನ ಮನೆಯಾಗುತ್ತದೆಯೇ? ಹಾಗಂತ ಟೈಪ್ 1ರಲ್ಲಿ ಏನೂ ಬದಲಾಗುವುದಿಲ್ಲ ಎಂದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರನ್ನು ಸರಿಮಾಡಿಕೊಳ್ಳೋಣ. ಇಂಗ್ಲಿಷ್ ಅಕ್ಷರ ನೋಡಿ 'ಚಿಯಾರಿ' ಎಂದು ಓದುವವರೇ ಹೆಚ್ಚು. ಅದು ಕಿಯಾರಿ. ಕಾಯಿಲೆಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು.

ಈಗ ಮಕ್ಕಳೇ, ನಿಮ್ಮ ಕೈಯನ್ನು ತಲೆಯ ಹಿಂದಕ್ಕೆ ಒಯ್ಯಿರಿ. ಉಬ್ಬಿದ ಒಂದು ಮೂಳೆ ಸಿಗುತ್ತದೆ. ಇನ್ನೂ ಕೆಳಗಿಳಿದರೆ ಕುತ್ತಿಗೆ ಶುರುವಾಗುವ ಕಡೆ ಬೆರಳು ಮೆತ್ತಗೆ ಒಳಕ್ಕೆ ಹೋಗುತ್ತದೆ. ಆ ಜಾಗದಿಂದ ಒಳಗೆ, ತಲೆಬುರುಡೆಯ ತಳದಲ್ಲಿ ಒಂದು ದೊಡ್ಡ ಕಿಂಡಿಯಿದೆ. ದೊಡ್ಡವರಲ್ಲಿ ಸುಮಾರು 3.5 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ. ಒಂದು ಬೆಟ್ಟದ ನೆಲ್ಲಿಕಾಯಿ ತೂರುವಷ್ಟು. ಮೆದುಳಿನಿಂದ ಹೊರಟ ನರಗಳ ಹುರಿ ಈ ಕಿಂಡಿಯಿಂದ ಇಳಿದು ಬೆನ್ನುಮೂಳೆಯೊಳಗೆ ಹೋಗುತ್ತದೆ. ಅದನ್ನೇ ಬೆನ್ನುಹುರಿ ಎನ್ನುತ್ತೇವೆ.

ಕಿಂಡಿಯ ಮೇಲುಗಡೆ, ಹಿಂಭಾಗದಲ್ಲಿ ಒಂದು ಪುಟ್ಟ ಕೋಣೆ. ಅದರಲ್ಲಿ ಕೂತಿರುವುದು ಕಿರುಮೆದುಳು. ನಿಮ್ಮ ಪಾಠದಲ್ಲಿ ಅನುಮಸ್ತಿಷ್ಕ ಎಂದಿರಬಹುದು. ನೀವು ಕುಂಟೆಬಿಲ್ಲೆ ಆಡುವಾಗ ಒಂಟಿ ಕಾಲಲ್ಲಿ ಬೀಳದೆ ನಿಲ್ಲುವುದು ಇದರ ದಯೆಯಿಂದ. ಗಾತ್ರದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಭಾಗ, ಆದರೆ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಇದರಲ್ಲೇ ಇವೆ. ಇದರ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಗುಬುಟುಗಳಿವೆ. ಅವಕ್ಕೂ ಟಾನ್ಸಿಲ್ ಎಂದೇ ಹೆಸರು. ಗಂಟಲಿನ ಟಾನ್ಸಿಲ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ. ಐಸ್‌ಕ್ರೀಮ್ ತಿಂದದ್ದಕ್ಕೆ ಹೀಗಾಯಿತು ಎಂದು ಯಾರಾದರೂ ಅಂದರೆ ನಂಬಬೇಡಿ.

ಮೆದುಳು ಒಣಗಿ ಕೂತಿಲ್ಲ, ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿದೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್ ಇರುತ್ತದೆ, ಒಂದು ಕಾಫಿ ಲೋಟದಷ್ಟು. ಆದರೆ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದು ತಯಾರಾಗಿ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ. ಎದೆ ಒಂದು ಸಲ ಬಡಿದಾಗ ಈ ದ್ರವ ಕಿಂಡಿಯಿಂದ ಸ್ವಲ್ಪ ಕೆಳಕ್ಕೆ ಇಳಿದು ಮತ್ತೆ ಮೇಲಕ್ಕೆ ಬರುತ್ತದೆ, ಕೆರೆಯ ದಡದ ಅಲೆಯಂತೆ. ಕೆಮ್ಮಿದಾಗ, ಸೀನಿದಾಗ, ಮುಕ್ಕಿದಾಗ, ಹೊಟ್ಟೆ ಹಿಡಿದು ನಕ್ಕಾಗ ತಲೆಯೊಳಗಿನ ಒತ್ತಡ ಒಂದು ಕ್ಷಣ ಏರುತ್ತದೆ. ಆಗ ದ್ರವ ಕಿಂಡಿಯಿಂದ ಸರಕ್ಕನೆ ಕೆಳಗಿಳಿದು ಒತ್ತಡ ಕಡಿಮೆಯಾಗಬೇಕು.

ಟೈಪ್ 1ರಲ್ಲಿ ಆ ಟಾನ್ಸಿಲ್‌ಗಳು ಕಿಂಡಿಯೊಳಗೆ ಇಳಿದು ಬಿರಡೆಯ ಹಾಗೆ ಕೂತಿರುತ್ತವೆ. ಹೆಚ್ಚಿನವರಲ್ಲಿ ಕಾರಣ ಸರಳ: ಹಿಂದಿನ ಕೋಣೆಯ ಮೂಳೆ ಕೊಂಚ ಚಿಕ್ಕದಾಗಿ ಬೆಳೆದಿದೆ. ಕಡುಬು ಮಾಡುವಾಗ ಕಣಕ ಚಿಕ್ಕದಾಗಿ, ಹೂರಣ ಹೆಚ್ಚಾದರೆ ಏನಾಗುತ್ತದೆ ಎಂದು ಅಜ್ಜಿಯರಿಗೆ ನಾನು ಹೇಳಬೇಕಿಲ್ಲ. ಮೆದುಳಿನಲ್ಲಿ ದೋಷವಿಲ್ಲ, ಜಾಗದ ಅಭಾವ. ಕೆಮ್ಮಿದಾಗ ದ್ರವಕ್ಕೆ ಇಳಿಯಲು ದಾರಿಯಿಲ್ಲ, ಅದಕ್ಕೇ ಆ ಹಿಂದಲೆಯ ನೋವು. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಆ ಮಗು ಹೇಳಿದ್ದು ನೆಪವಲ್ಲ, ಪುಸ್ತಕದಲ್ಲಿ ಬರೆದಿರುವಂಥದೇ ಲಕ್ಷಣ.

ಈ ಅಂಕಿಗಳನ್ನು ಕೊಟ್ಟವರು ಹಾನ್ಸ್ ಕಿಯಾರಿ. 1851ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರು. ಆಗ ಸ್ಕ್ಯಾನ್ ಇಲ್ಲ, ಎಕ್ಸ್‌ರೇ ಕೂಡ ಇನ್ನೂ ಬಂದಿರಲಿಲ್ಲ. ತೀರಿಕೊಂಡವರ ದೇಹವನ್ನು ಪರೀಕ್ಷಿಸಿಯೇ ಎಲ್ಲವನ್ನೂ ಕಲಿಯಬೇಕು. 1891ರಲ್ಲಿ ಅವರು ಕಿರುಮೆದುಳು ಮೂರು ಬಗೆಯಲ್ಲಿ ಸ್ಥಳ ತಪ್ಪಿರುವುದನ್ನು ಬರೆದರು, 1896ರಲ್ಲಿ ನಾಲ್ಕನೆಯದನ್ನು ಸೇರಿಸಿದರು. ಅವರು ಟೈಪ್ 1ಕ್ಕೆ ಕೊಟ್ಟ ಮೊದಲ ಉದಾಹರಣೆ 17 ವರ್ಷದ ಒಬ್ಬ ಹುಡುಗಿ. ಅವಳು ತೀರಿಕೊಂಡದ್ದು ವಿಷಮಶೀತ ಜ್ವರದಿಂದ. ಬದುಕಿದ್ದಾಗ ಕಿರುಮೆದುಳಿನ ಯಾವ ತೊಂದರೆಯೂ ಅವಳಿಗೆ ಇರಲಿಲ್ಲ! ಈ ಕಥೆಯ ಮೊಟ್ಟಮೊದಲ ವ್ಯಕ್ತಿಗೇ ಇದರಿಂದ ಏನೂ ಆಗಿರಲಿಲ್ಲ ಎಂಬುದನ್ನು ತಾತ ದಯವಿಟ್ಟು ಎರಡು ಸಲ ಓದಿಕೊಳ್ಳಬೇಕು.

ಟೈಪ್ 2 ಬೇರೆಯೇ ಸಂಗತಿ. ಅದು ಹುಟ್ಟುವಾಗಲೇ ಇರುತ್ತದೆ, ಬೆನ್ನುಮೂಳೆ ಮುಚ್ಚಿಕೊಳ್ಳದೆ ನರಗಳು ಹೊರಗೆ ಕಾಣುವ ಸ್ಥಿತಿಯ ಜೊತೆಗೇ ಬರುತ್ತದೆ. ಟಾನ್ಸಿಲ್ ಮಾತ್ರವಲ್ಲ, ಕಿರುಮೆದುಳಿನ ನಡುಭಾಗ ಮತ್ತು ಮೆದುಳಿನ ಕಾಂಡವೂ ಕೆಳಗಿಳಿದಿರುತ್ತವೆ. ಯಾಕೆ ಹೀಗೆ ಎಂಬುದಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ ಇದು. ಬಸುರಿನಲ್ಲಿ ಮಗುವಿನ ತಲೆಬುರುಡೆ ಹಿಗ್ಗಬೇಕಾದರೆ ಒಳಗಿನ ದ್ರವದ ಒತ್ತಡ ಬೇಕು, ಬಲೂನಿಗೆ ಗಾಳಿ ಬೇಕಾದ ಹಾಗೆ. ಬೆನ್ನಿನ ತೆರೆದ ಭಾಗದಿಂದ ದ್ರವ ಸೋರಿಹೋದರೆ ಹಿಂದಿನ ಕೋಣೆ ಹಿಗ್ಗುವುದೇ ಇಲ್ಲ. ಇಂಥ ಮಕ್ಕಳಲ್ಲಿ ಬಹಳ ಜನಕ್ಕೆ ತಲೆಯಲ್ಲಿ ನೀರು ತುಂಬಿಕೊಳ್ಳುವ ತೊಂದರೆಯೂ ಇರುತ್ತದೆ. ಹಾಲು ಕುಡಿಯುವಾಗ ಪದೇ ಪದೇ ನೆತ್ತಿಗೆ ಹತ್ತುವುದು, ಉಸಿರೆಳೆಯುವಾಗ ಗೊರಗೊರ ಸದ್ದು, ಅಳು ಕ್ಷೀಣವಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಟೈಪ್ 3 ಬಹಳ ಅಪರೂಪ, ಬಹಳ ಕಷ್ಟದ್ದು. ಕಿರುಮೆದುಳು ಕುತ್ತಿಗೆಯ ಹಿಂದೆ ಚೀಲದಂತೆ ಹೊರಬಂದಿರುತ್ತದೆ. ಟೈಪ್ 4ರಲ್ಲಿ ಏನೂ ಜಾರಿರುವುದಿಲ್ಲ, ಕಿರುಮೆದುಳು ಸರಿಯಾಗಿ ಬೆಳೆದೇ ಇರುವುದಿಲ್ಲ. ಇದನ್ನು ಈ ಗುಂಪಿನಲ್ಲಿ ಇಡುವುದೇ ತಪ್ಪು ಎಂದು ಇಂದಿನ ಬಹುಪಾಲು ವೈದ್ಯರ ಅಭಿಪ್ರಾಯ, ನನ್ನದೂ ಅದೇ.

ಕಿಯಾರಿಗಿಂತ ಮೊದಲೇ, 1883ರಲ್ಲಿ, ಸ್ಕಾಟ್ಲೆಂಡಿನ ಜಾನ್ ಕ್ಲೆಲ್ಯಾಂಡ್ ಎಂಬವರು ಇಂಥದ್ದನ್ನು ವರ್ಣಿಸಿದ್ದರು. 1894ರಲ್ಲಿ ಜರ್ಮನಿಯ ಯೂಲಿಯುಸ್ ಆರ್ನಾಲ್ಡ್ ಒಂದೇ ಒಂದು ಮಗುವಿನ ಬಗ್ಗೆ ಬರೆದರು. 1907ರಲ್ಲಿ ಆರ್ನಾಲ್ಡರ ಶಿಷ್ಯರು ತಮ್ಮ ಗುರುವಿನ ಹೆಸರನ್ನು ಮುಂದಿಟ್ಟು 'ಆರ್ನಾಲ್ಡ್-ಕಿಯಾರಿ' ಎಂದು ಕರೆದರು. ಪಾಪ, ಕ್ಲೆಲ್ಯಾಂಡ್‌ಗೆ ಅಂಥ ಶಿಷ್ಯರು ಸಿಗಲಿಲ್ಲ. ನಿಮ್ಮ ವರದಿಯಲ್ಲಿ ಈ ಜೋಡಿ ಹೆಸರು ಕಂಡರೆ ಹೆದರಬೇಡಿ, ಬೇರೆ ಕಾಯಿಲೆಯಲ್ಲ. ಸರಿಯಾಗಿ ಹೇಳಬೇಕೆಂದರೆ ಅದು ಟೈಪ್ 2ಕ್ಕೆ ಸಲ್ಲುವ ಹೆಸರು, ಆದರೆ ಎಲ್ಲಕ್ಕೂ ಬಳಸುವವರಿದ್ದಾರೆ. ಈಚಿನವರು ಇನ್ನೂ ಎರಡು ಬಾಗಿಲು ನಂಬರ್ ಸೇರಿಸಿದ್ದಾರೆ. ಟಾನ್ಸಿಲ್ ಜೊತೆ ಮೆದುಳಿನ ಕಾಂಡವೂ ಇಳಿದಿದ್ದು ಬೆನ್ನು ಮಾತ್ರ ಸರಿಯಾಗಿ ಮುಚ್ಚಿಕೊಂಡಿದ್ದರೆ 1.5. ಟಾನ್ಸಿಲ್ ಇಳಿಯದಿದ್ದರೂ ಕಿಂಡಿಯಲ್ಲಿ ದ್ರವದ ಓಡಾಟ ಕೆಟ್ಟು ಬೆನ್ನುಹುರಿಯಲ್ಲಿ ನೀರು ತುಂಬಿದ್ದರೆ ಸೊನ್ನೆ. ಒಂದೂವರೆ, ಸೊನ್ನೆ! ಬೀದಿಯ ನಂಬರು ಹಾಕಿದವರಿಗೆ ಲೆಕ್ಕ ಬರುತ್ತಿರಲಿಲ್ಲ ಎನ್ನೋಣ.

ಎಂಆರ್‌ಐ ಚಿತ್ರದಲ್ಲಿ ಕಿಂಡಿಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಗೆರೆ ಎಳೆದು, ಅದಕ್ಕಿಂತ ಟಾನ್ಸಿಲ್ ಎಷ್ಟು ಕೆಳಗಿದೆ ಎಂದು ಅಳೆಯುತ್ತಾರೆ. 5 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಟೈಪ್ 1 ಎಂದು ಬರೆಯುವುದು ವಾಡಿಕೆ. 3ರಿಂದ 5ರ ನಡುವೆ ಇದ್ದರೆ ಅನುಮಾನದ ಜಾಗ. ಬೇರೆ ಯಾವುದೋ ಕಾರಣಕ್ಕೆ ಮಾಡಿದ ಸ್ಕ್ಯಾನ್‌ಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ ಇದು ಕಾಣುತ್ತದೆ, ಅವರಲ್ಲಿ ಬಹಳ ಮಂದಿಗೆ ಒಂದು ದಿನವೂ ತೊಂದರೆಯಾಗಿರುವುದಿಲ್ಲ. ಇಳಿದ ಮಿಲಿಮೀಟರ್ ಹೆಚ್ಚಾದಷ್ಟೂ ಕಷ್ಟ ಹೆಚ್ಚು ಎಂದೂ ಇಲ್ಲ. ಹೆಚ್ಚು ಇಳಿದವರು ಆರಾಮಾಗಿ ಓಡಾಡಿಕೊಂಡಿರಬಹುದು, ಕಡಿಮೆ ಇಳಿದವರು ನರಳಬಹುದು. ಆದ್ದರಿಂದ ತಾತನವರೇ, ಆ ಅಂಕಿಯನ್ನು ದಿನಾ ತೆಗೆದು ನೋಡುವುದು ಬಿಡಿ.

ಹಾಗಾದರೆ ಏನನ್ನು ಗಮನಿಸಬೇಕು? ಬೆನ್ನುಹುರಿಯನ್ನು.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಮಗುವಿನ ಜ್ವರಕ್ಕೆ ಔಷಧಿ ಕೇಳಿಕೊಂಡು ಬಂದಳು. ನನ್ನ ಕಣ್ಣು ಅವಳ ಕೈಮೇಲೆ ಬಿತ್ತು. ಎರಡೂ ಕೈಗಳ ಬೆರಳುಗಳಲ್ಲಿ ಹಳೆಯ, ಹೊಸ ಸುಟ್ಟ ಗಾಯಗಳು. ಕೇಳಿದರೆ ನಗುತ್ತಾ, "ನಂಗೆ ಮಸಿಬಟ್ಟೆ ಬೇಡ ಡಾಕ್ಟ್ರೇ, ಕುದಿಯೋ ಪಾತ್ರೆನ ಬರಿಗೈಲೇ ಇಳಿಸ್ತೀನಿ. ನಮ್ಮತ್ತೆ ನನ್ನ ಗಟ್ಟಿಗಿತ್ತಿ ಅಂತಾರೆ" ಎಂದಳು. ಹತ್ತಿಯಿಂದ ಸವರಿದೆ, ಕಣ್ಣು ಮುಚ್ಚಿಕೊಂಡೇ ಸರಿಯಾಗಿ ಹೇಳಿದಳು. ಒಂದು ಗಾಜಿನ ನಳಿಗೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ಹಾಕಿ ಮುಟ್ಟಿಸಿದೆ. ಎರಡೂ ಒಂದೇ ಎಂದಳು. ಮುಟ್ಟಿದ್ದು ಗೊತ್ತಾಗುತ್ತದೆ, ಬಿಸಿ ಗೊತ್ತಾಗುವುದಿಲ್ಲ. ಊರೆಲ್ಲ ಹೊಗಳುತ್ತಿದ್ದ ಗಟ್ಟಿತನ ಅದು.

ಕಿಂಡಿಯಲ್ಲಿ ದಾರಿ ಸಿಗದ ದ್ರವ ನಿಧಾನವಾಗಿ ಬೆನ್ನುಹುರಿಯ ಒಳಗೇ ಸೇರಿಕೊಂಡು, ನಡುವೆ ಟೊಳ್ಳು ಕೊಳವೆ ಮಾಡುತ್ತದೆ. ಅದಕ್ಕೆ ಸಿರಿಂಕ್ಸ್ ಎನ್ನುತ್ತಾರೆ. ಗ್ರೀಕರ ಭಾಷೆಯಲ್ಲಿ ಅದರ ಅರ್ಥ ಕೊಳಲು. ಇಂಜೆಕ್ಷನ್ನಿನ ಸಿರಿಂಜ್ ಕೂಡ ಅದೇ ಮಾತಿನಿಂದ ಬಂದದ್ದು. ಬಿಸಿ ಮತ್ತು ನೋವಿನ ಸುದ್ದಿ ಒಯ್ಯುವ ಎಳೆಗಳು ಬೆನ್ನುಹುರಿಯ ನಟ್ಟನಡುವೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಸ್ಪರ್ಶದ ಎಳೆಗಳು ಹಿಂಬದಿಯ ಬೇರೆ ಓಣಿಯಲ್ಲಿ ಹೋಗುತ್ತವೆ. ನಡುವೆ ಕೊಳಲು ಊದಿಕೊಂಡಾಗ ಮೊದಲು ಕಡಿದುಹೋಗುವುದು ಬಿಸಿಯ ಸುದ್ದಿ. ಆಕೆಯನ್ನು ಬೆಂಗಳೂರಿಗೆ ಕಳಿಸಿದೆವು, ಶಸ್ತ್ರಚಿಕಿತ್ಸೆಯಾಯಿತು. ಕುತ್ತಿಗೆ ನೋವು ಹೋಯಿತು, ಮುಂದೆ ಹೆಚ್ಚಾಗಲಿಲ್ಲ. ಆದರೆ ಹೋದ ಬಿಸಿಯ ಅರಿವು ಪೂರ್ತಿ ಮರಳಲಿಲ್ಲ. ಹೊಸ ಮಸಿಬಟ್ಟೆ ಹೊಲಿದುಕೊಂಡಿದ್ದೇನೆ ಎಂದು ಒಮ್ಮೆ ಬಂದು ತೋರಿಸಿ ಹೋದಳು.

ಇನ್ನೊಬ್ಬ ಹುಡುಗನನ್ನು ಪತ್ತೆಮಾಡಿದ್ದು ಡಾಕ್ಟರಲ್ಲ, ದರ್ಜಿ. ಶಾಲೆಯ ಸಮವಸ್ತ್ರಕ್ಕೆ ಅಳತೆ ತೆಗೆಯುವಾಗ, "ಇವನ ಒಂದು ಭುಜ ಮೇಲಿದೆ, ಅಂಗಿ ಒಂದು ಕಡೆ ಜೋತುಬೀಳುತ್ತದೆ, ನನ್ನ ಹೊಲಿಗೆಯನ್ನು ಬೈಯಬೇಡಿ" ಎಂದನಂತೆ. ಬೆನ್ನುಮೂಳೆ ಎಡಕ್ಕೆ ಬಾಗಿತ್ತು. ಹರೆಯದಲ್ಲಿ ಕಾರಣವಿಲ್ಲದೆ ಬೆನ್ನು ಬಾಗುವುದುಂಟು, ಆದರೆ ಎದೆಯ ಭಾಗದಲ್ಲಿ ಅದು ಸಾಮಾನ್ಯವಾಗಿ ಬಲಕ್ಕೆ ಬಾಗುತ್ತದೆ. ಎಡಕ್ಕೆ ಬಾಗಿದ್ದರೆ ಒಳಗೆ ಸಿರಿಂಕ್ಸ್ ಇದೆಯೇ ಎಂದು ನೋಡಬೇಕು. ಇವನಿಗೆ ಇತ್ತು. ಅಜ್ಜಿಯರೇ, ಮೊಮ್ಮಕ್ಕಳಿಗೆ ಎಣ್ಣೆಸ್ನಾನ ಮಾಡಿಸುವಾಗ ಬೆನ್ನನ್ನೂ ಒಂದು ಸಲ ನೋಡಿ.

ನಾಯಿಗಳಿಗೂ ಇದೇ ಬಗೆಯ ತೊಂದರೆ ಬರುತ್ತದೆ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಉದ್ದ ಹೆಸರಿನ, ಉದ್ದ ಕಿವಿಯ ಪುಟ್ಟ ನಾಯಿ ಇಂಗ್ಲೆಂಡಿನದು. ಚಿಕ್ಕ ಮುದ್ದು ತಲೆ ಬೇಕೆಂದು ಮನುಷ್ಯರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದರು. ತಲೆಬುರುಡೆ ಚಿಕ್ಕದಾಯಿತು, ಮೆದುಳು ಅದಕ್ಕೆ ತಕ್ಕಂತೆ ಚಿಕ್ಕದಾಗಲಿಲ್ಲ. ಬೆನ್ನುಹುರಿಯಲ್ಲಿ ಸಿರಿಂಕ್ಸ್ ಆದ ನಾಯಿಗಳು ನಡೆಯುತ್ತಾ ನಡೆಯುತ್ತಾ ಹಿಂಗಾಲೆತ್ತಿ ಕುತ್ತಿಗೆಯ ಹತ್ತಿರ ಗಾಳಿಯನ್ನೇ ಕೆರೆಯುತ್ತವೆ, ಕಾಲು ಮೈಗೆ ತಾಗುವುದೇ ಇಲ್ಲ. ನೋಡಿದವರಿಗೆ ತಮಾಷೆ, ಅದಕ್ಕೆ ಯಾತನೆ. ಮುದ್ದಿಗಾಗಿ ಒಂದು ಪ್ರಾಣಿಗೆ ಇಷ್ಟು ಮಾಡಬೇಕಿತ್ತೇ ಎಂದು ನನಗೆ ಸಿಟ್ಟು ಬರುತ್ತದೆ.

ಟೈಪ್ 1 ಮುಂದೆ ಹೇಗೆ ಸಾಗುತ್ತದೆ ಎಂಬುದಕ್ಕೆ ಈಗ ಬರೋಣ. ತೊಂದರೆಯಿಲ್ಲದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ನೋಡಿದ್ದಾರೆ. ಹೆಚ್ಚಿನವರು ಇದ್ದಂತೆಯೇ ಇರುತ್ತಾರೆ. ಕೆಲವರಲ್ಲಿ ಬೆಳೆಯುತ್ತಾ ತಲೆಬುರುಡೆ ದೊಡ್ಡದಾಗಿ ಟಾನ್ಸಿಲ್ ಕೊಂಚ ಮೇಲಕ್ಕೇ ಹೋಗುತ್ತದೆ. ಕೆಲವರಲ್ಲಿ ಸಿರಿಂಕ್ಸ್ ಶುರುವಾಗುತ್ತದೆ ಅಥವಾ ನೋವು ಹೆಚ್ಚುತ್ತದೆ. ಯಾರಿಗೆ ಯಾವುದು ಎಂದು ಮೊದಲೇ ಹೇಳಲಾಗುವುದಿಲ್ಲ. ಅದಕ್ಕೇ ಮತ್ತೆ ಬನ್ನಿ ಎನ್ನುವುದು. ಕೈಬೆರಳು ಜುಮ್ಮೆನ್ನುವುದು, ಗುಂಡಿ ಹಾಕಲು ತಡವರಿಸುವುದು, ತೂರಾಡುವ ನಡಿಗೆ, ನೀರು ನುಂಗಲು ಕಷ್ಟ, ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದು, ಇಂಥದ್ದೇನಾದರೂ ಕಂಡರೆ ಕೊಟ್ಟ ತಾರೀಕಿನವರೆಗೆ ಕಾಯದೆ ಹೋಗಬೇಕು.

ಆಪರೇಷನ್ ಎಂದರೆ ಜಾರಿದ ಮೆದುಳನ್ನು ಎತ್ತಿ ಮೇಲೆ ಕೂರಿಸುವುದಲ್ಲ. ಕಿಂಡಿಯ ಹಿಂದಿನ ಅಂಚಿನ ಮೂಳೆಯನ್ನು, ಅದರ ಕೆಳಗಿನ ಕುತ್ತಿಗೆಮೂಳೆಯ ಹಿಂಬದಿಯ ಕಮಾನನ್ನು ಸ್ವಲ್ಪ ತೆಗೆದು ಜಾಗ ಮಾಡಿಕೊಡುತ್ತಾರೆ. ಬೇಕಾದರೆ ಒಳಗಿನ ಪೊರೆಯನ್ನೂ ಬಿಡಿಸಿ, ತೇಪೆ ಹಾಕಿ ಅಗಲ ಮಾಡುತ್ತಾರೆ. ದ್ರವ ಓಡಾಡಲು ಶುರುವಾದರೆ ಸಿರಿಂಕ್ಸ್ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಅಮೆರಿಕದ ಗಾಲ್ಫ್ ಆಟಗಾರ ಜೆ.ಬಿ. ಹೋಮ್ಸ್‌ಗೆ ತಲೆ ತಿರುಗುತ್ತಿತ್ತು, 2011ರಲ್ಲಿ ಈ ಆಪರೇಷನ್ ಆಯಿತು, 2014ರಲ್ಲಿ ಮತ್ತೆ ದೊಡ್ಡ ಪಂದ್ಯಾವಳಿಯೊಂದನ್ನು ಗೆದ್ದರು. ನಮ್ಮ ದೇಶದಲ್ಲೇ, ಮುಂಬಯಿಯ ನರಶಸ್ತ್ರಚಿಕಿತ್ಸಕ ಅತುಲ್ ಗೋಯಲ್ 2015ರಲ್ಲಿ ಬೇರೆ ವಾದ ಹೂಡಿದರು. ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವೆ ಸಡಿಲವಾಗಿರುವುದೇ ಮೂಲ ಕಾರಣ, ಅವನ್ನು ಬಿಗಿಯುವುದೇ ಚಿಕಿತ್ಸೆ ಎಂದರು. ಎಲ್ಲರೂ ಒಪ್ಪಿಲ್ಲ, ಚರ್ಚೆ ಜೋರಾಗಿಯೇ ನಡೆದಿದೆ. ಹೆಚ್ಚು ಕಡೆ ಮಾಡುವುದು ಕಿಂಡಿ ಅಗಲಿಸುವ ಆಪರೇಷನ್ನೇ.

ಟೈಪ್ 1ನ್ನು ತಡೆಯಲು ದಾರಿಯಿಲ್ಲ, ಅದು ಯಾರ ತಪ್ಪೂ ಅಲ್ಲ. ಟೈಪ್ 2ನ್ನು ಬಹಳಷ್ಟು ಮಟ್ಟಿಗೆ ತಡೆಯಬಹುದು. ಮಗುವಿನ ಬೆನ್ನು ಮುಚ್ಚಿಕೊಳ್ಳುವುದು ಬಸುರಾದ ಮೊದಲ 28 ದಿನಗಳಲ್ಲಿ. ಆಗ ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದೇ ಗೊತ್ತಿರುವುದಿಲ್ಲ. ಮೂರು ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆ ತಂದುಕೊಡುವ ಮಾತ್ರೆ ತಾಯಿಯ ರಕ್ತಕ್ಕೆ ಒಳ್ಳೆಯದು, ಮಗುವಿನ ಬೆನ್ನಿಗೆ ತಡವಾಯಿತು. ಮಗು ಬೇಕು ಎಂದು ಯೋಚಿಸುವಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಶುರುಮಾಡಬೇಕು. ಮೊದಲೊಂದು ಮಗುವಿಗೆ ಹೀಗಾಗಿದ್ದ ತಾಯಂದಿರಿಗೆ ಇನ್ನೂ ಹೆಚ್ಚಿನ ಪ್ರಮಾಣ ಬೇಕು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಅಂಥ ತಾಯಂದಿರಲ್ಲಿ ಮತ್ತೆ ಹಾಗಾಗುವ ಸಾಧ್ಯತೆ ಶೇ. 72ರಷ್ಟು ತಗ್ಗಿತು. ದೊಡ್ಡ ಕ್ಲಾಸಿನ ಹುಡುಗಿಯರಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲೂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ. ಕಿಟಕಿಯಾಚೆ ಎಸೆಯುವವರು ಯಾರೆಂದು ನನಗೆ ಗೊತ್ತು! ಸೊಪ್ಪು, ಹೆಸರುಕಾಳು, ಅಲಸಂದೆಯಲ್ಲೂ ಇದಿದೆ, ಆದರೆ ಬೇಯಿಸಿದ ನೀರಿಗೆ ಇಳಿದುಬಿಡುತ್ತದೆ. ಆ ನೀರನ್ನು ಬಸಿದು ಬಸ್ಸಾರು ಮಾಡುವ ನಮ್ಮ ಅಡುಗೆಮನೆಗೆ ನನ್ನ ಮೆಚ್ಚುಗೆ ಯಾವತ್ತೂ ಇದೆ. ಹಾಗಂತ ಬಸ್ಸಾರು ಮಾತ್ರೆಗೆ ಬದಲಿಯಲ್ಲ.

ತಿಪಟೂರಿನ ಪುಟ್ಟಿ, ನೀನು ನಗಬಹುದು. ನಗುವುದರಿಂದ ಮೆದುಳು ಇನ್ನಷ್ಟು ಜಾರುವುದಿಲ್ಲ, ನೋವಾದರೆ ಎಷ್ಟು ಹೊತ್ತು ಇತ್ತು ಎಂದು ನೋಟ್‌ಪುಸ್ತಕದಲ್ಲಿ ಬರೆದಿಡು. ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಕುಂಟೆಬಿಲ್ಲೆಗೆ ನಿನ್ನ ನರವೈದ್ಯರು ಬೇಡ ಎನ್ನಲಾರರು ಎಂದು ನನ್ನ ಎಣಿಕೆ, ಆದರೂ ಒಮ್ಮೆ ಕೇಳಿಬಿಡು. ಲಾಗ ಹಾಕುವುದು, ಶೀರ್ಷಾಸನ, ಕಬಡ್ಡಿ ಮಾತ್ರ ಅವರು ಹೂಂ ಅನ್ನುವವರೆಗೆ ಬೇಡ.

ತಾತನವರೇ, ನಿಮಗೆ ಮೂರು ಮಾತು. ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿ ನೆಟಿಕೆ ತೆಗೆಯುವವರ ಕೈಗೆ ಮೊಮ್ಮಗಳ ಕುತ್ತಿಗೆಯನ್ನು ಯಾವತ್ತೂ ಕೊಡಬೇಡಿ, ಉಳುಕು ತೆಗೆಯುವವರಿಗೂ ಬೇಡ. ತಲೆಯ ಚಿತ್ರ ಮಾತ್ರ ಆಗಿದ್ದರೆ, ಬೆನ್ನಿನ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನು ಕೇಳಿ. ಮತ್ತೆ ಹೋಗುವಾಗ ಹಳೆಯ ಫಿಲ್ಮು, ಸಿ.ಡಿ. ಎರಡನ್ನೂ ಒಯ್ಯಿರಿ. ಹೋದ ವರ್ಷದ ಚಿತ್ರವನ್ನು ಪಕ್ಕಕ್ಕಿಟ್ಟು ನೋಡದೆ ಜಾರಿದೆಯೋ ಇಲ್ಲವೋ ಹೇಳಲು ಯಾರಿಗೂ ಆಗುವುದಿಲ್ಲ. ಫಿಲ್ಮನ್ನು ಮಡಚಬೇಡಿ, ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಟ್ಟರೆ ಸಾಕು.